ಹದಿಹರೆಯದ ಮಾತು ಒಂಬತ್ತನೇ ವಯಸ್ಸಿಗೇ ಶುರುವಾಗಲಿ

ಸಂಪಾದಕರಿಗೆ,

ಮಾನ್ಯರೇ,

ಹದಿಹರೆಯದ ಮಕ್ಕಳ ಕುರಿತ ಬರಹಗಳಿಗೆ ಪತ್ರಿಕೆಗಳಲ್ಲಿ ಕೊರತೆಯೇನೂ ಇಲ್ಲ. ಪರೀಕ್ಷೆಯ ಒತ್ತಡ, ಮೊಬೈಲ್ ಗೀಳು, ಎದುರು ಮಾತು, ಏಕಾಂಗಿತನ, ಇವೆಲ್ಲ ವರ್ಷಕ್ಕೆ ಹಲವು ಬಾರಿ ಚರ್ಚೆಗೆ ಬರುತ್ತವೆ. ಆದರೆ ಆ ಬರಹಗಳಲ್ಲಿ ಹೆಚ್ಚಿನವು ಹದಿನೈದು, ಹದಿನಾರರ ಮಕ್ಕಳನ್ನು ಕಣ್ಣ ಮುಂದಿಟ್ಟುಕೊಂಡು, ಅದೂ ದೊಡ್ಡವರಿಗೆ ಆಗುತ್ತಿರುವ ತೊಂದರೆಯ ಕಡೆಯಿಂದ ಬರೆದಂಥವು. ಹಲವು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದ ನನಗೆ ಇದರಲ್ಲಿ ಒಂದು ತಕರಾರಿದೆ: ನಾವು ಮಕ್ಕಳಿಗೆ ಹೇಳಬೇಕಾದ್ದನ್ನು ಹೇಳುವುದೇ ಇಲ್ಲ ಎಂದಲ್ಲ, ಹೇಳುವ ಹೊತ್ತಿಗೆ ಅದು ಅವರ ಮೈಮೇಲೆ ನಡೆದು ಹೋಗಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹದಿಹರೆಯವನ್ನು 10ರಿಂದ 19 ವರ್ಷದವರೆಗಿನ ಅವಧಿ ಎಂದು ಗುರುತಿಸುತ್ತದೆ. ದೇಹ ಈ ಲೆಕ್ಕಕ್ಕೂ ಕಾಯುವುದಿಲ್ಲ. ಮಿದುಳಿನ ಹೈಪೋಥಲಾಮಸ್ ಎಂಬ ಭಾಗ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕಳಿಸಲು ಆರಂಭಿಸಿ, ಅಲ್ಲಿಂದ ಹೊರಟ ಹಾರ್ಮೋನುಗಳು ಅಂಡಾಶಯವನ್ನೋ ವೃಷಣವನ್ನೋ ಎಚ್ಚರಿಸುವ ಕೆಲಸ ಹೆಣ್ಣುಮಕ್ಕಳಲ್ಲಿ 8ರಿಂದ 13 ವರ್ಷದ ನಡುವೆ, ಗಂಡುಮಕ್ಕಳಲ್ಲಿ 9ರಿಂದ 14 ವರ್ಷದ ನಡುವೆ ಯಾವಾಗ ಬೇಕಾದರೂ ಹೊರಗೆ ಕಾಣಿಸಿಕೊಳ್ಳಬಹುದು. ಹುಡುಗಿಯರಲ್ಲಿ ಮೊದಲ ಗುರುತು ಮುಟ್ಟಲ್ಲ, ಎದೆಯ ಬೆಳವಣಿಗೆ. ಮುಟ್ಟು ಬರುವುದು ಸಾಮಾನ್ಯವಾಗಿ ಅದಾದ ಎರಡು, ಎರಡೂವರೆ ವರ್ಷದ ಮೇಲೆ. ಹುಡುಗರಲ್ಲಿ ಮೊದಲ ಗುರುತು ಮೀಸೆಯೂ ಅಲ್ಲ, ಒಡೆದ ದನಿಯೂ ಅಲ್ಲ, ವೃಷಣಗಳು ದೊಡ್ಡದಾಗುವುದು. ಅದು ಮನೆಯವರ ಕಣ್ಣಿಗೆ ಬೀಳುವಂಥದ್ದಲ್ಲವಾದ್ದರಿಂದ ಹುಡುಗನ ಬದಲಾವಣೆ ಶುರುವಾಗಿ ವರ್ಷವೋ ಎರಡು ವರ್ಷವೋ ಕಳೆದ ಮೇಲೆ, ದನಿ ಒಡೆದಾಗ, ಮನೆಯಲ್ಲಿ ‘ಇವನು ದೊಡ್ಡವನಾದ’ ಎನ್ನುತ್ತಾರೆ. ಸಂತಾನೋತ್ಪತ್ತಿಯ ಪಾಠ ಪಠ್ಯಪುಸ್ತಕದಲ್ಲಿ ಬರುವ ಹೊತ್ತಿಗೆ ತರಗತಿಯ ಬಹುಪಾಲು ಮಕ್ಕಳು ಆ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ನಡೆದಾಗಿರುತ್ತದೆ. ಆ ಪಾಠವನ್ನು ‘ಮನೆಯಲ್ಲೇ ಓದಿಕೊಳ್ಳಿ’ ಎಂದು ದಾಟಿಸುವ ಸಹೋದ್ಯೋಗಿಗಳನ್ನೂ ನಾನು ಕಂಡಿದ್ದೇನೆ.

ತರಗತಿಗಳನ್ನು ನಾವು ಹುಟ್ಟಿದ ದಿನಾಂಕದ ಮೇಲೆ ಕಟ್ಟುತ್ತೇವೆ, ದೇಹಕ್ಕೆ ಆ ದಿನಾಂಕದ ಹಂಗಿಲ್ಲ. ಒಂದೇ ಬೆಂಚಿನಲ್ಲಿ ಕೂತ ಹನ್ನೆರಡು ವರ್ಷದ ಇಬ್ಬರಲ್ಲಿ ಒಬ್ಬಳು ಶಿಕ್ಷಕಿಯ ಎತ್ತರಕ್ಕೆ ಬಂದಿರುತ್ತಾಳೆ, ಇನ್ನೊಬ್ಬಳ ಕಾಲು ನೆಲಕ್ಕೆ ಸರಿಯಾಗಿ ತಾಗಿರುವುದಿಲ್ಲ, ಇಬ್ಬರೂ ಸಹಜವೇ. ಹುಡುಗಿಯರ ಎತ್ತರ ಅತಿ ವೇಗವಾಗಿ ಏರುವುದು ಸರಾಸರಿ ಹನ್ನೆರಡರ ಆಸುಪಾಸಿನಲ್ಲಿ, ಹುಡುಗರದ್ದು ಹದಿನಾಲ್ಕರ ಆಸುಪಾಸಿನಲ್ಲಿ. ಆ ವರ್ಷ ಹುಡುಗಿ 8 ಸೆಂಟಿಮೀಟರಿನಷ್ಟು, ಹುಡುಗ 9 ಸೆಂಟಿಮೀಟರಿಗೂ ಮಿಕ್ಕಿ ಬೆಳೆಯಬಹುದು. ಬೆಳವಣಿಗೆ ಮೊದಲು ಹಿಡಿಯುವುದು ಕೈಕಾಲಿನ ತುದಿಗಳನ್ನು, ಮುಂಡ ಕೊನೆಗೆ. ಹಾಗಾಗಿ ಪ್ಯಾಂಟು ಗಿಡ್ಡವಾಗುವ ಮೊದಲೇ ಚಪ್ಪಲಿ ಬಿಗಿಯಾಗುತ್ತದೆ, ನಿನ್ನೆಯವರೆಗೆ ಚೆಂಡನ್ನು ಸರಾಗವಾಗಿ ಹಿಡಿಯುತ್ತಿದ್ದವನು ಇವತ್ತು ಮೇಜಿಗೆ ಮೊಣಕಾಲು ತಗುಲಿಸಿಕೊಂಡು ಲೋಟ ಬೀಳಿಸುತ್ತಾನೆ. ಬೈಸಿಕೊಳ್ಳುವುದಕ್ಕೆ ಅದೊಂದು ಕಾರಣವಲ್ಲ.

ಈ ಮುಂಚು ಹಿಂಚಿನ ಭಾರವನ್ನು ಎಲ್ಲರಿಗಿಂತ ಹೆಚ್ಚು ಹೊರುವವರು ಬೇಗ ಬೆಳೆದ ಹುಡುಗಿಯರು. ಹನ್ನೊಂದು ವರ್ಷದ ಮಗು ಹದಿನೈದರಂತೆ ಕಂಡರೆ ಸುತ್ತಲಿನವರು ಅವಳಿಂದ ಹದಿನೈದರ ಗಾಂಭೀರ್ಯವನ್ನು ನಿರೀಕ್ಷಿಸುತ್ತಾರೆ, ದಾರಿಹೋಕರ ನೋಟ ಬದಲಾಗುತ್ತದೆ, ಆಟ ನಿಲ್ಲಿಸಲಾಗುತ್ತದೆ, ‘ಇನ್ನು ಹೀಗೆಲ್ಲ ಓಡಾಡಬಾರದು’ ಎಂಬ ಆಜ್ಞೆ ಬರುತ್ತದೆ. ಒಳಗಿರುವ ಮನಸ್ಸು ಮಾತ್ರ ಹನ್ನೊಂದರದೇ. ಬೇಗ ಮೈನೆರೆದ ಹುಡುಗಿಯರಲ್ಲಿ ತಮ್ಮ ದೇಹದ ಬಗೆಗಿನ ಬೇಸರ ಮತ್ತು ಖಿನ್ನತೆ ಹೆಚ್ಚು ಕಂಡುಬರುವುದನ್ನು ಸಂಶೋಧಕರು ಮತ್ತೆ ಮತ್ತೆ ಗಮನಿಸಿದ್ದಾರೆ. ನನ್ನ ಮಟ್ಟಿಗೆ ಇದರಲ್ಲಿ ಅಚ್ಚರಿಯೇನಿಲ್ಲ: ಕಾರಣ ಹೇಳದೆ ನಿಯಮ ಮಾತ್ರ ಹೇಳಿದರೆ, ತಪ್ಪು ತನ್ನ ದೇಹದ್ದೇ ಎಂದು ಯಾವ ಮಗುವಾದರೂ ತೀರ್ಮಾನಿಸೀತು. ತಡವಾಗಿ ಬೆಳೆಯುವ ಹುಡುಗರ ಪಾಡು ಬೇರೆ ಬಗೆಯದು. ತಂಡಕ್ಕೆ ಆಯ್ಕೆಯಾಗದಿರುವುದು, ಅಡ್ಡಹೆಸರು, ಬಟ್ಟೆ ಬದಲಿಸುವ ಕೋಣೆಯ ನಗೆಚಾಟಿಕೆ. ಇಂಥ ಹುಡುಗರಲ್ಲಿ ಅನೇಕರ ತಂದೆಯೋ ತಾಯಿಯೋ ತಮ್ಮ ಕಾಲದಲ್ಲಿ ಹೀಗೇ ತಡವಾಗಿ ಬೆಳೆದವರಾಗಿರುತ್ತಾರೆ. ಅದೊಂದನ್ನು ತಂದೆ ಬಾಯಿಬಿಟ್ಟು ಹೇಳಿದರೆ ಹುಡುಗನಿಗೆ ಎಷ್ಟೋ ಹಗುರವಾಗುತ್ತದೆ. ಹದಿನಾಲ್ಕು ತುಂಬಿದರೂ ಹುಡುಗನಲ್ಲಿ, ಹದಿಮೂರು ತುಂಬಿದರೂ ಹುಡುಗಿಯಲ್ಲಿ ಯಾವ ಗುರುತೂ ಕಾಣದಿದ್ದರೆ, ಅಥವಾ ಹುಡುಗಿಗೆ ಎಂಟಕ್ಕೆ ಮುಂಚೆ, ಹುಡುಗನಿಗೆ ಒಂಬತ್ತಕ್ಕೆ ಮುಂಚೆ ಗುರುತು ಕಂಡರೆ ವೈದ್ಯರಲ್ಲಿಗೆ ಹೋಗಬೇಕು. ಮಣಿಕಟ್ಟಿನ ಒಂದು ಎಕ್ಸ್-ರೇಯಿಂದ ಎಲುಬಿನ ವಯಸ್ಸು ಎಷ್ಟೆಂದು ಅಂದಾಜು ಮಾಡಬಹುದು. ಎಷ್ಟೋ ಮಕ್ಕಳ ವಿಷಯದಲ್ಲಿ ‘ಇನ್ನೂ ಸಮಯವಿದೆ, ಕಾಯಿರಿ’ ಎನ್ನುವುದೇ ಔಷಧಿ.

ಇನ್ನು ಹುಡುಗರ ಮಾತಿಗೆ ಸ್ವಲ್ಪ ಹೆಚ್ಚು ಜಾಗ ಕೇಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಅವರಿಗೆ ಸಿಗುವ ಜಾಗ ತೀರಾ ಕಡಿಮೆ. ಶಾಲೆಗೆ ವೈದ್ಯೆಯನ್ನು ಕರೆಸಿದ ದಿನ ಹುಡುಗಿಯರನ್ನು ಸಭಾಂಗಣದಲ್ಲಿ ಕೂರಿಸಿ ಹುಡುಗರನ್ನು ಮೈದಾನಕ್ಕೆ ಅಟ್ಟುವುದು ರೂಢಿ. ಹುಡುಗಿಯರು ತಲೆತಗ್ಗಿಸಿ ಹೊರಗೆ ಬರುತ್ತಾರೆ, ಹುಡುಗರು ‘ಏನು ಹೇಳಿದರು’ ಎಂದು ಪೀಡಿಸುತ್ತಾರೆ, ಯಾರೂ ಹೇಳುವುದಿಲ್ಲ. ಮುಟ್ಟು ಎಂದರೇನು ಎಂದು ತಿಳಿಯದ ಹುಡುಗ ಮರುದಿನ ಪಕ್ಕದ ಹುಡುಗಿಯ ಬಟ್ಟೆಯ ಕಲೆ ನೋಡಿ ನಕ್ಕರೆ ಆ ನಗುವಿಗೆ ಅವನೊಬ್ಬನೇ ಹೊಣೆಯಲ್ಲ. ಅವನದೇ ದೇಹದ ಬಗ್ಗೆಯೂ ಅವನಿಗೆ ಯಾರೂ ಏನನ್ನೂ ಹೇಳಿರುವುದಿಲ್ಲ. ನಾನು ತರಗತಿಯ ಮೂಲೆಯಲ್ಲಿ ಒಂದು ಪ್ರಶ್ನೆಪೆಟ್ಟಿಗೆ ಇಡುತ್ತಿದ್ದೆ, ಹೆಸರು ಬರೆಯಬೇಕಾಗಿರಲಿಲ್ಲ. ಒಮ್ಮೆ ನಾಲ್ಕಾಗಿ, ಎಂಟಾಗಿ ಮಡಚಿ ಉಗುರಿನಷ್ಟು ಮಾಡಿದ ಚೀಟಿಯೊಂದು ಸಿಕ್ಕಿತು. ‘ಎದೆಯ ಎಡಗಡೆ ಗಂಟಾಗಿದೆ, ಮುಟ್ಟಿದರೆ ನೋಯುತ್ತದೆ, ನನಗೆ ಕ್ಯಾನ್ಸರ್ ಇದೆಯೇ? ಮನೆಗೆ ತಿಳಿಸಬೇಡಿ’ ಎಂದು ಬರೆದಿತ್ತು. ಬರೆದವನು ಯಾರೆಂದೇ ಗೊತ್ತಿಲ್ಲದಿರುವಾಗ ಮನೆಗೆ ತಿಳಿಸುವುದೆಲ್ಲಿಂದ ಬಂತು! ಹದಿಹರೆಯದಲ್ಲಿ ಹಾರ್ಮೋನುಗಳ ಏರಿಳಿತದಿಂದ ಸುಮಾರು ಅರ್ಧದಷ್ಟು ಹುಡುಗರಿಗೆ ಮೊಲೆತೊಟ್ಟಿನ ಅಡಿಯಲ್ಲಿ ಹೀಗೆ ಸಣ್ಣ ಗಂಟು ಬರುತ್ತದೆ, ಸಾಮಾನ್ಯವಾಗಿ ಒಂದೆರಡು ವರ್ಷದೊಳಗೆ ತಾನಾಗಿ ಕರಗುತ್ತದೆ. ಆ ಎರಡು ವಾಕ್ಯಗಳನ್ನು ಮರುದಿನ ಇಡೀ ತರಗತಿಗೆ ಹೇಳಿದಾಗ ಒಬ್ಬನಿಗಲ್ಲ, ಹಲವರ ಮುಖಕ್ಕೆ ಜೀವ ಬಂತು. ನಿದ್ದೆಯಲ್ಲಿ ತಾನಾಗಿ ವೀರ್ಯ ಹೊರಬರುವ ಸ್ವಪ್ನಸ್ಖಲನದ ಕುರಿತ ಚೀಟಿಗಳೂ ಇಂಥವೇ: ಅದನ್ನು ರೋಗವೆಂದು, ಶಕ್ತಿ ಸೋರಿಹೋಗುತ್ತಿದೆಯೆಂದು ಹೆದರಿ, ಗೋಡೆಬರಹದ ಜಾಹೀರಾತು ನಂಬಿ ದುಡ್ಡು ಕಳೆದುಕೊಂಡ ಹುಡುಗರಿದ್ದಾರೆ. ಅದು ರೋಗವಲ್ಲ, ಯಾವ ಚಿಕಿತ್ಸೆಯೂ ಬೇಡ.

ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲವಾದರೂ ಒಂದು ಸಂಗತಿಯನ್ನು ಹೇಳದೆ ಬಿಡಲಾರೆ. ವೃಷಣಕ್ಕೆ ರಕ್ತ ಒಯ್ಯುವ ನಾಳವಿರುವ ಹುರಿ ಇದ್ದಕ್ಕಿದ್ದಂತೆ ತಿರುಚಿಕೊಳ್ಳುವುದುಂಟು. ಅದು ಹೆಚ್ಚಾಗಿ ಆಗುವುದು ಹದಿಹರೆಯದಲ್ಲೇ. ಒಂದು ಕಡೆ ತಟ್ಟನೆ ತೀವ್ರ ನೋವು, ಕೆಲವರಿಗೆ ಕೆಳಹೊಟ್ಟೆಯ ನೋವು, ವಾಂತಿ. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣ ಬಹುಪಾಲು ಉಳಿಯುತ್ತದೆ, ತಡವಾದಷ್ಟೂ ಆಸೆ ಕಡಿಮೆ. ನಾಚಿಕೆಯಿಂದ ‘ಹೊಟ್ಟೆನೋವು’ ಎಂದಷ್ಟೇ ಹೇಳಿ ಬೆಳಗಿನವರೆಗೆ ಮಗ್ಗುಲು ಬದಲಿಸುವ ಹುಡುಗ ಕಳೆದುಕೊಳ್ಳುವುದು ಇದನ್ನು. ಆ ಭಾಗದ ಹೆಸರನ್ನು ಮನೆಯಲ್ಲಿ ಸಹಜವಾಗಿ ಹೇಳಿ ಅಭ್ಯಾಸವಿದ್ದರೆ ರಾತ್ರಿ ಎರಡು ಗಂಟೆಗೂ ಅವನು ಅಪ್ಪನನ್ನು ಎಬ್ಬಿಸಿಯಾನು.

ಹುಡುಗಿಯರ ವಿಷಯದಲ್ಲಿ ಮಾತೇನೋ ನಡೆಯುತ್ತದೆ, ಆದರೆ ಅದು ಸ್ವಚ್ಛತೆಯ ಉಪದೇಶಕ್ಕೆ ನಿಂತುಬಿಡುತ್ತದೆ. ಮೊದಲ ಒಂದೆರಡು ವರ್ಷ ಮುಟ್ಟು ಕ್ರಮ ತಪ್ಪುವುದು ಸಹಜ, 21ರಿಂದ 45 ದಿನದ ಅಂತರವೂ ಈ ವಯಸ್ಸಿನಲ್ಲಿ ಸರಿಯೇ ಎಂಬುದನ್ನು ಹೇಳುವವರು ಕಡಿಮೆ. ಅದಕ್ಕಿಂತ ಕಡಿಮೆ ಜನ ಹೇಳುವುದು ಇನ್ನೊಂದನ್ನು: ಏಳು ದಿನ ಮೀರಿದ ರಕ್ತಸ್ರಾವ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದ ಸ್ಥಿತಿ, ಪ್ರತಿ ತಿಂಗಳೂ ಶಾಲೆ ತಪ್ಪಿಸುವಷ್ಟು ನೋವು, ಇವು ‘ಹೆಣ್ಣಾದ ಮೇಲೆ ಇದ್ದದ್ದೇ’ ಎಂದು ಸಹಿಸಿಕೊಳ್ಳಬೇಕಾದವಲ್ಲ. ಅವುಗಳ ಹಿಂದೆ ರಕ್ತ ಹೆಪ್ಪುಗಟ್ಟುವಿಕೆಯ ದೋಷವೋ, ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಂಥ ಕಾಯಿಲೆಯೋ ಇರಬಹುದು. ಹದಿನೈದು ತುಂಬಿದರೂ ಮುಟ್ಟು ಬಾರದಿದ್ದರೆ ಅದಕ್ಕೂ ತಪಾಸಣೆ ಬೇಕು. ಬೆಳವಣಿಗೆಯ ವೇಗದ ಜೊತೆಗೆ ತಿಂಗಳ ಸ್ರಾವವೂ ಸೇರಿದಾಗ ಕಬ್ಬಿಣಾಂಶದ ಕೊರತೆ ಬೇಗ ಬರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ, ಮಧ್ಯಾಹ್ನದ ಪಾಠದಲ್ಲಿ ತೂಕಡಿಸುವ ಹುಡುಗಿಯನ್ನು ‘ಸೋಮಾರಿ’ ಎನ್ನುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಬಹುದು. ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆ ಮುಖ್ಯವಾಗಿ ಸೂಚಿಸುವ ವಯಸ್ಸು ಕೂಡ 9ರಿಂದ 14. ನಾವು ಮಾತಾಡಲು ‘ಇನ್ನೂ ಚಿಕ್ಕವಳು’ ಎಂದುಕೊಳ್ಳುವ ವಯಸ್ಸು ಅದೇ.

ಮನಸ್ಸಿನ ಮಾತಿಗೆ ಬರುವ ಮೊದಲು ನಿದ್ದೆಯ ಮಾತು. ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗುತ್ತದೆ. ನಿದ್ದೆ ತರುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸತೊಡಗುತ್ತದೆ. ಹತ್ತು ಗಂಟೆಗೆ ಕಣ್ಣು ಮುಚ್ಚದ ಮಗುವನ್ನು ಮೊಬೈಲಿನ ಹೆಸರಿನಲ್ಲಿ ಬೈಯುವುದು ಸುಲಭ, ಮೊಬೈಲು ಆ ತಡವನ್ನು ಇನ್ನಷ್ಟು ಎಳೆಯುತ್ತದೆಂಬುದೂ ನಿಜ, ಆದರೆ ಮೊಬೈಲನ್ನು ಕಸಿದುಕೊಂಡರೂ ಗಡಿಯಾರ ಪೂರ್ತಿ ಮೊದಲಿನಂತಾಗುವುದಿಲ್ಲ. 13ರಿಂದ 18ರ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಈ ವಯಸ್ಸಿನವರ ಶಾಲೆ ಬೆಳಗ್ಗೆ ಎಂಟೂವರೆಗೆ ಮುಂಚೆ ಶುರುವಾಗಬಾರದೆಂದು ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲುಗಳಿಗೆ ಅದು ಕಾನೂನೇ ಆಗಿದೆ. ಮುಂಜಾನೆಯ ವಿಶೇಷ ತರಗತಿಗಳನ್ನು ಶ್ರದ್ಧೆಯ ಗುರುತೆಂದು ಭಾವಿಸುವ ಶಾಲೆಗಳು ಇದನ್ನೊಮ್ಮೆ ಓದಿಕೊಳ್ಳಲಿ. ನಿದ್ದೆಗೆಟ್ಟ ಹುಡುಗನ ಸಿಡುಕನ್ನು ‘ಹದಿಹರೆಯದ ಸಿಡುಕು’ ಎಂದು ಕರೆದು ನಾವು ಕೈತೊಳೆದುಕೊಳ್ಳುತ್ತೇವೆ.

ಸಿಡುಕಿಗೆ ನಿದ್ದೆಯೊಂದೇ ಕಾರಣವಲ್ಲ ಎನ್ನುವುದೂ ಸರಿ. ಎಂಆರ್‌ಐ ಯಂತ್ರದಿಂದ ಒಂದೇ ಮಕ್ಕಳ ಮಿದುಳನ್ನು ಹಲವು ವರ್ಷ ಮತ್ತೆ ಮತ್ತೆ ಚಿತ್ರಿಸಿದ ಜೇ ಗೀಡ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದಂತೆ, ಮಿದುಳಿನ ಬೂದುದ್ರವ್ಯ, ಅಂದರೆ ನರಕೋಶಗಳು ದಟ್ಟವಾಗಿರುವ ಭಾಗ, ಹದಿಹರೆಯದ ಹೊಸ್ತಿಲವರೆಗೆ ಹೆಚ್ಚಿ ಆಮೇಲೆ ಕ್ರಮೇಣ ತೆಳುವಾಗುತ್ತದೆ. ಬಳಸದ ಸಂಪರ್ಕಗಳು ಕಳಚಿ, ಬಳಸುವವು ಗಟ್ಟಿಯಾಗುವ ಕೆಲಸ ಅದು. ಮುಂದಾಲೋಚನೆ ಮತ್ತು ಸಂಯಮಕ್ಕೆ ಹೊಣೆಯಾದ ಹಣೆಯ ಹಿಂದಿನ ಭಾಗ ಈ ಕೆಲಸ ಮುಗಿಸುವುದು ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತು ದಾಟಿದ ಎಷ್ಟೋ ವರ್ಷಗಳ ಮೇಲೆ. ಭಾವನೆ ಮತ್ತು ಸುಖದ ಸೆಳೆತದ ಭಾಗಗಳು ಅದಕ್ಕೆ ಬಹಳ ಮುಂಚೆಯೇ ಚುರುಕಾಗಿರುತ್ತವೆ. 2005ರಲ್ಲಿ ಪ್ರಕಟವಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಅವರ ಪ್ರಯೋಗವೊಂದು ನನಗೆ ಬಹಳ ಅರ್ಥಪೂರ್ಣವಾಗಿ ಕಂಡಿದೆ. ಪರದೆಯ ಮೇಲೆ ಕಾರು ಓಡಿಸುವ ಆಟ. ಹಳದಿ ದೀಪ ಬಂದಾಗ ಮುಂದೆ ಹೋದರೆ ಲಾಭವೂ ಇದೆ, ಗುದ್ದುವ ಅಪಾಯವೂ ಇದೆ. 13ರಿಂದ 16ರ ಮಕ್ಕಳು ಒಬ್ಬರೇ ಆಡಿದಾಗಿನದಕ್ಕಿಂತ ಗೆಳೆಯರು ಪಕ್ಕದಲ್ಲಿದ್ದಾಗ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. 24 ದಾಟಿದವರಲ್ಲಿ ಗೆಳೆಯರಿದ್ದರೂ ಇಲ್ಲದಿದ್ದರೂ ಅಂಥ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿ ಕೂತು ‘ಹೆಲ್ಮೆಟ್ ಹಾಕಬೇಕಲ್ಲವೇ’ ಎಂದು ಕೇಳಿದರೆ ಸರಿಯಾದ ಉತ್ತರ ಕೊಡುವ ಹುಡುಗನೇ ಬಳಗದ ನಡುವೆ ಅದನ್ನು ಮರೆಯುತ್ತಾನೆ. ಅವನಿಗೆ ಬುದ್ಧಿ ಇಲ್ಲವೆಂದಲ್ಲ, ಆ ಗಳಿಗೆಯಲ್ಲಿ ಬಳಗದ ಕಣ್ಣಿಗೆ ಹೇಗೆ ಕಾಣುತ್ತೇನೆ ಎಂಬುದೇ ದೊಡ್ಡದಾಗಿರುತ್ತದೆ. ಇದನ್ನು ದೊಡ್ಡವರು ತಿಳಿದರೆ ಸಾಲದು, ಹನ್ನೆರಡರ ಹುಡುಗನಿಗೂ ಹೇಳಬೇಕು, ‘ನಾಲ್ಕು ಜನರ ನಡುವೆ ನಿನ್ನ ತೀರ್ಮಾನ ಬದಲಾಗುತ್ತದೆ, ಗಮನಿಸು’ ಎಂದು. ಮಕ್ಕಳು ಇಂಥ ಮಾತನ್ನು ಆಸಕ್ತಿಯಿಂದ ಕೇಳುತ್ತಾರೆ. ಅವರಿಗೆ ಬೇಸರ ತರುವುದು ಗದರಿಕೆ, ತಿಳಿವಳಿಕೆಯಲ್ಲ.

ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂಬ ಅನಿಸಿಕೆಯೂ ಈ ವಯಸ್ಸಿನದೇ. ಮೂಗಿನ ಮೇಲಿನ ಒಂದು ಮೊಡವೆಗಾಗಿ ಶಾಲೆ ತಪ್ಪಿಸುವ ಹುಡುಗಿಯನ್ನು ಕಂಡು ದೊಡ್ಡವರು ನಗುತ್ತಾರೆ. ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲೇ ಇದನ್ನು ಕಾಲ್ಪನಿಕ ಪ್ರೇಕ್ಷಕರ ಎದುರು ಬದುಕುವ ಸ್ಥಿತಿ ಎಂದು ವಿವರಿಸಿದ್ದರು. ಇವತ್ತು ಆ ಪ್ರೇಕ್ಷಕರು ಪೂರ್ತಿ ಕಾಲ್ಪನಿಕರೂ ಅಲ್ಲ. ತೆಗೆದ ಚಿತ್ರಕ್ಕೆ ಎಷ್ಟು ಮೆಚ್ಚುಗೆ ಬಂತೆಂದು ಫೋನು ಲೆಕ್ಕ ಕೊಡುತ್ತದೆ.

ಮಾನಸಿಕ ಕಾಯಿಲೆಯ ವಿಷಯದಲ್ಲಂತೂ ತಡಮಾಡುವುದಕ್ಕೆ ತೆರಬೇಕಾದ ಬೆಲೆ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 10ರಿಂದ 19ರ ಪ್ರತಿ ಏಳು ಮಂದಿಯಲ್ಲಿ ಒಬ್ಬರಿಗೆ ಮಾನಸಿಕ ಆರೋಗ್ಯದ ತೊಂದರೆ ಇದೆ. ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಲ್ಲಿ, ಜೀವನದಲ್ಲಿ ಎಂದಾದರೂ ಇಂಥ ಕಾಯಿಲೆಗೆ ಒಳಗಾದವರಲ್ಲಿ ಅರ್ಧದಷ್ಟು ಜನರಿಗೆ ಅದು 14ನೇ ವಯಸ್ಸಿನೊಳಗೇ, ಮುಕ್ಕಾಲು ಪಾಲಿಗೆ 24ರೊಳಗೆ ಶುರುವಾಗಿತ್ತು ಎಂದು ಕಂಡುಬಂತು. ಹದಿನಾಲ್ಕರಲ್ಲಿ ಶುರುವಾದದ್ದನ್ನು ನಾವು ಗುರುತಿಸುವುದು ಎಷ್ಟೋ ವರ್ಷದ ಮೇಲೆ, ಅದೂ ಅಂಕ ಕುಸಿದಾಗ. ಕೋಪ, ಅಳು, ಬಾಗಿಲು ಹಾಕಿಕೊಳ್ಳುವುದು ಒಂದೆರಡು ದಿನದ್ದಾದರೆ ಗಾಬರಿ ಬೇಡ. ಎರಡು ವಾರ ದಾಟಿಯೂ ಮಂಕು ಹೋಗದಿದ್ದರೆ, ನಿದ್ದೆ ಊಟ ಕೆಟ್ಟರೆ, ಇಷ್ಟದ ಆಟವನ್ನೋ ಗೆಳತಿಯನ್ನೋ ತಾನಾಗಿ ಬಿಟ್ಟುಬಿಟ್ಟರೆ, ‘ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ’ ಎಂಬಂಥ ಮಾತು ಬಂದರೆ ಕಾಯಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆತ್ತಗೆ ಕೇಳಬಹುದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ.

ಬೇಗ ಹೇಳಿದರೆ ಮಕ್ಕಳ ಮುಗ್ಧತೆ ಹೋಗುತ್ತದೆ, ಇಲ್ಲದ ಕುತೂಹಲ ಹುಟ್ಟುತ್ತದೆ ಎಂಬ ಆಕ್ಷೇಪ ನನಗೆ ಹೊಸದಲ್ಲ. ಪೋಷಕರ ಸಭೆಗಳಲ್ಲಿ ಅದನ್ನು ಕೇಳಿದವಳೇ ನಾನು, ಹೇಳಿದವರ ಕಾಳಜಿಯಲ್ಲಿ ನನಗೆ ಅನುಮಾನವೂ ಇಲ್ಲ. ಆದರೆ ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಮಾರ್ಗದರ್ಶಿ, ಹಲವು ದೇಶಗಳ ಅಧ್ಯಯನಗಳನ್ನು ತೂಗಿ ನೋಡಿ, ಇಂಥ ಶಿಕ್ಷಣ ಮಕ್ಕಳನ್ನು ಬೇಗ ಲೈಂಗಿಕತೆಯತ್ತ ದೂಡುವುದಿಲ್ಲ ಎಂಬ ನಿಲುವಿಗೆ ಬಂದಿದೆ. ಇನ್ನು ಮುಗ್ಧತೆಯ ಮಾತು. ನಾವು ಬಾಯಿ ಮುಚ್ಚಿದ ಮಾತ್ರಕ್ಕೆ ಮಗು ಏನನ್ನೂ ತಿಳಿಯದೆ ಉಳಿಯುವುದಿಲ್ಲ. ಪಕ್ಕದ ಬೆಂಚಿನವನಿಂದ, ಫೋನಿನ ವಿಡಿಯೊದಿಂದ ತಿಳಿಯುತ್ತದೆ, ತಪ್ಪಾಗಿ ತಿಳಿಯುತ್ತದೆ. ತನ್ನ ದೇಹದ ಭಾಗಗಳ ಹೆಸರು ಗೊತ್ತಿರುವ, ಯಾರು ಮುಟ್ಟಬಾರದೆಂಬುದು ಗೊತ್ತಿರುವ ಮಗು, ಆಗಬಾರದ್ದು ಆದಾಗ ಅದನ್ನು ಹೇಳಲೂ ಬಲ್ಲದು.

ಒಂಬತ್ತರ ಮಗುವಿಗೆ ಎಲ್ಲವನ್ನೂ ಒಂದೇ ದಿನ ಹೇಳಬೇಕೆಂದು ನಾನು ಕೇಳುತ್ತಿಲ್ಲ. ವರ್ಷಕ್ಕೊಮ್ಮೆ ವೈದ್ಯರನ್ನು ಕರೆಸಿ ಒಂದು ಗಂಟೆಯ ಉಪನ್ಯಾಸ ಮಾಡಿಸುವುದು ವರದಿಗೆ ಚಂದ, ಮಕ್ಕಳಿಗೆ ಉಪಯೋಗ ಕಡಿಮೆ. ಆ ವಯಸ್ಸಿಗೆ ದೇಹ ಬದಲಾಗಲಿದೆ, ಎಲ್ಲರದೂ ಒಂದೇ ಹೊತ್ತಿಗೆ ಬದಲಾಗುವುದಿಲ್ಲ, ಮುಟ್ಟು ಎಂದರೆ ಇದು, ದನಿ ಒಡೆಯುವುದೆಂದರೆ ಇದು ಎಂಬಷ್ಟು ಸಾಕು, ಹುಡುಗ ಹುಡುಗಿ ಇಬ್ಬರಿಗೂ, ಒಟ್ಟಿಗೆ. ಉಳಿದದ್ದನ್ನು ಅವರ ಪ್ರಶ್ನೆಗಳೇ ಎಳೆದು ತರುತ್ತವೆ. ಮನೆಯಲ್ಲಿ ಎದುರುಬದುರು ಕೂತು ಹೇಳಲು ಮುಜುಗರವಾದರೆ ಪಕ್ಕಪಕ್ಕ ನಡೆಯುತ್ತ, ಪಾತ್ರೆ ಒರೆಸುತ್ತ ಹೇಳಿ. ಕಣ್ಣಿಗೆ ಕಣ್ಣು ಕೂಡದಿದ್ದಾಗ ಇಬ್ಬರಿಗೂ ಮಾತು ಸಲೀಸು. ಗೊತ್ತಿಲ್ಲದ ಪ್ರಶ್ನೆ ಬಂದರೆ ‘ವಿಚಾರಿಸಿ ನಾಳೆ ಹೇಳುತ್ತೇನೆ’ ಎನ್ನಬಹುದು, ಆದರೆ ನಾಳೆ ಹೇಳಲೇಬೇಕು.

ತಮ್ಮ ಪತ್ರಿಕೆಯಿಂದ ಒಂದು ನಿರೀಕ್ಷೆ ಇದೆ. ಆರೋಗ್ಯ ಪುಟದಲ್ಲಿ ತಿಂಗಳಿಗೊಮ್ಮೆಯಾದರೂ ಹದಿಹರೆಯದವರ ಪ್ರಶ್ನೆಗಳಿಗೇ ಮೀಸಲಾದ ಅಂಕಣವನ್ನು ಆರಂಭಿಸಿ, ಮಕ್ಕಳ ವೈದ್ಯರೊಬ್ಬರು ಮತ್ತು ಆಪ್ತಸಮಾಲೋಚಕರೊಬ್ಬರಿಂದ ಉತ್ತರ ಬರೆಸಬೇಕೆಂದು ಕೋರುತ್ತೇನೆ. ಪ್ರಶ್ನೆ ಕಳಿಸುವವರ ಹೆಸರು, ಶಾಲೆ, ವಿಳಾಸ ಕೇಳಬಾರದು. ವಯಸ್ಸು ಮಾತ್ರ ಸಾಕು. ‘ಗುಪ್ತ ಸಮಸ್ಯೆ’ ಎಂಬ ತಲೆಬರಹ ಬೇಡ. ಅಂಕಣದ ಭಾಷೆ ಹತ್ತು ವರ್ಷದ ಮಗು ಯಾರ ನೆರವೂ ಇಲ್ಲದೆ ಓದಿಕೊಳ್ಳುವಂತಿರಲಿ, ಅಂಗಗಳ ಹೆಸರುಗಳ ಜಾಗದಲ್ಲಿ ಚುಕ್ಕಿಗಳು ಇರದಿರಲಿ. ಮೊದಲ ಕಂತಿಗೆ, ನಾನು ಮೇಲೆ ಹೇಳಿದ ಚೀಟಿಯ ಪ್ರಶ್ನೆಯನ್ನೇ ಎತ್ತಿಕೊಳ್ಳಲು ನನ್ನ ಒಪ್ಪಿಗೆ ಇದೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ